ಮಣ್ಣಿನ ಮಗನ ಹೆಸರಿನಲ್ಲಿ

ಹವಾಯಿಯಲ್ಲಿ ಮನೆಗೆ ಡೇರೆ ಹಾಕುವುದು ಒಂದು ಕಸುಬು. ಸೂರಿನಿಂದ ನೆಲದವರೆಗೆ ಇಡೀ ಮನೆಯನ್ನು ಟಾರ್ಪಾಲಿನಲ್ಲಿ ಸುತ್ತಿ, ಗಾಳಿ ಆಡದಂತೆ ಅಂಚನ್ನು ಭಾರವಿಟ್ಟು ಒತ್ತಿ, ಒಳಗೆ ವಿಷಾನಿಲ ತುಂಬುತ್ತಾರೆ. ತೊಲೆ, ಜಂತಿಗಳ ಹೊಟ್ಟೆಯೊಳಗೆ ಕೂತು ಸದ್ದಿಲ್ಲದೆ ಮೇಯುವ ಗೆದ್ದಲನ್ನು ಕೊಲ್ಲಲು ಅಲ್ಲಿನವರು ನೆಚ್ಚಿಕೊಂಡ ದಾರಿ ಇದು. ಮನೆಮಂದಿ ಗಂಟುಮೂಟೆ ಕಟ್ಟಿಕೊಂಡು ನೆಂಟರ ಮನೆಗೋ ಹೋಟೆಲಿಗೋ ಹೋಗಿರುತ್ತಾರೆ.

ಕೊಲ್ಲುವ ಅನಿಲ ಸಲ್ಫ್ಯೂರೈಲ್ ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಒಳಗೆ ಯಾರಾದರೂ ಉಳಿದುಬಿಟ್ಟರೆ ಗೊತ್ತೇ ಆಗದೆ ಸಾಯುತ್ತಾರೆ. ಅದಕ್ಕೇ ಅದನ್ನು ಬಿಡುವ ಮೊದಲು ಕ್ಲೋರೋಪಿಕ್ರಿನ್ ಎಂಬ ಇನ್ನೊಂದು ರಾಸಾಯನಿಕವನ್ನು ತುಸುವೇ ಇಡುತ್ತಾರೆ. ಅದು ಕಣ್ಣು ಉರಿಸುತ್ತದೆ, ಗಂಟಲು ಹಿಡಿಯುತ್ತದೆ, ನಿಲ್ಲಲು ಬಿಡುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಸ್ತುವೇ ಇದು. ಇಲ್ಲಿ ಮಾತ್ರ ಅದು ಒಳಗಿದ್ದವರನ್ನು ಹೊರಗೋಡಿಸಿ ಜೀವ ಉಳಿಸುತ್ತದೆ. 2017ರ ಮಾರ್ಚ್‌ನಲ್ಲಿ ಹೊನೊಲುಲುವಿನ ಎರಡು ನೈಟ್‌ಕ್ಲಬ್‌ಗಳಲ್ಲಿ ಜನ ಕುಣಿಯುತ್ತಿದ್ದ ಹೊತ್ತಿಗೆ ಈ ಕ್ಲೋರೋಪಿಕ್ರಿನ್ ಚೆಲ್ಲಿತು. ಕಣ್ಣು ಮುಚ್ಚಿಕೊಂಡು, ಉಸಿರು ಕಟ್ಟಿ, ಜನ ಬಾಗಿಲಿಗೆ ನುಗ್ಗಿದರು.

ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಮತ್ತು ಅದರ ಜೊತೆಗಾರ ಸಂಸ್ಥೆಗಳು ಒವಾಹು ದ್ವೀಪದ ಒಂದು ಗ್ಯಾಂಗನ್ನು ಹೇಗೆ ಕಟ್ಟಿಹಾಕಿದವು ಎಂಬುದನ್ನು ಈ ವಾರ ಬರೆಯಬೇಕೆಂದು ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕ್ಲೋರೋಪಿಕ್ರಿನ್ ಡಬ್ಬಿ. ಬೀದಿಯ ರೌಡಿಯ ಕೈಗೆ ಸುಲಭಕ್ಕೆ ಸಿಗುವ ವಸ್ತುವಲ್ಲ ಅದು. ಪರವಾನಗಿ, ಗೋದಾಮು, ಲಾರಿ, ಲೆಕ್ಕಪುಸ್ತಕ ಇರುವ ವ್ಯಾಪಾರಿಯ ಕೈಯಲ್ಲಿ ಮಾತ್ರ ಇರುವಂಥದ್ದು. ಆ ವ್ಯಾಪಾರಿ ಗ್ಯಾಂಗಿನ ನಾಯಕ ಮೈಕೆಲ್ ಮಿಸ್ಕಿ. ಅವನ ಕಂಪನಿ ‘ಕಮಾಐನಾ ಟರ್ಮೈಟ್ ಅಂಡ್ ಪೆಸ್ಟ್ ಕಂಟ್ರೋಲ್’.

ಹವಾಯಿ ಭಾಷೆಯಲ್ಲಿ ‘ಕಮಾ’ ಎಂದರೆ ಮಗು, ‘ಐನಾ’ ಎಂದರೆ ನೆಲ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಕಷ್ಟವೇ ಇಲ್ಲ. ನಮ್ಮಲ್ಲಿ ‘ಮಣ್ಣಿನ ಮಗ’ ಎಂಬ ಮಾತು ಸಿದ್ಧವಾಗಿಯೇ ಇದೆ. ಅಲ್ಲಿ ಅದು ದಿನಬಳಕೆಯ ಪದ. ಪ್ರವಾಸಿಗೆ ಒಂದು ದರ, ಊರವರಿಗೆ ‘ಕಮಾಐನಾ ದರ’ ಎಂದು ಅಂಗಡಿ, ಹೋಟೆಲುಗಳಲ್ಲಿ ರಿಯಾಯಿತಿ ಸಿಗುತ್ತದೆ. ಆ ಹೆಸರು ಹೊತ್ತ ಕಂಪನಿ ಒವಾಹುವಿನ ದೊಡ್ಡ ಕೀಟನಿಯಂತ್ರಣ ಸಂಸ್ಥೆಗಳಲ್ಲೊಂದಾಗಿ ಬೆಳೆಯಿತು. ಅಲ್ಲಿ ದುಡಿದು ಮನೆಗೆ ಅಕ್ಕಿ ಒಯ್ದ ಸಾಮಾನ್ಯರೂ ಇದ್ದರು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎನ್ನುವ ನಮ್ಮ ಗಾದೆಗೆ ಇದಕ್ಕಿಂತ ಹತ್ತಿರದ ಪ್ರಸಂಗ ನನಗೆ ಗೊತ್ತಿಲ್ಲ. ಕಟ್ಟಿದವರು ಹಲವರು, ಒಳಗೆ ಸೇರಿಕೊಂಡದ್ದು ಇನ್ನೊಂದು.

ಒವಾಹು ದ್ವೀಪದ ಅಳತೆ ಸುಮಾರು 1,545 ಚದರ ಕಿಲೋಮೀಟರ್. ನಮ್ಮ ಕೊಡಗಿನ ಅರ್ಧವೂ ಇಲ್ಲ. ಅಷ್ಟರಲ್ಲೇ ಸುಮಾರು 10 ಲಕ್ಷ ಜನ. ರಾಜಧಾನಿ ಹೊನೊಲುಲು ಇರುವುದು ಇಲ್ಲೇ. ಅಮೆರಿಕದ ಮುಖ್ಯ ನೆಲ ಸೇರಬೇಕೆಂದರೆ ಸುಮಾರು 3,850 ಕಿಲೋಮೀಟರ್ ಕಡಲು ದಾಟಬೇಕು. ದ್ವೀಪದ ಗಾಳಿಬದಿಯಲ್ಲಿ, ಕೊಒಲಾವ್ ಬೆಟ್ಟದ ಗೋಡೆಯ ಕೆಳಗೆ, ವಾಯ್‌ಮನಾಲೊ ಎಂಬ ಊರಿದೆ. ಮೂಲ ಹವಾಯಿಯನ್ನರು ಬಹಳ ಸಂಖ್ಯೆಯಲ್ಲಿ ಬದುಕುವ ಊರು ಅದು. ಮಿಸ್ಕಿ ಬೆಳೆದದ್ದು ಅಲ್ಲಿ.

ಇಂಥ ಕಡೆ ಯಾರೂ ಯಾರಿಗೂ ಪೂರ್ತಿ ಅಪರಿಚಿತರಲ್ಲ. ಇಬ್ಬರು ಭೇಟಿಯಾದರೆ ಯಾವ ಹೈಸ್ಕೂಲು ಎಂಬ ಪ್ರಶ್ನೆ ಬೇಗ ಬರುತ್ತದೆ. ನಾವು ‘ಯಾವ ಊರು, ಯಾರ ಪೈಕಿ’ ಎಂದು ಕೇಳುವ ಹಾಗೆ. ಆ ಪರಿಚಯದಲ್ಲಿ ಬೆಚ್ಚನೆಯ ಭರವಸೆ ಇದೆ, ಕಷ್ಟಕ್ಕೆ ಒದಗುವ ಕೈಗಳಿವೆ. ಆದರೆ ಅದೇ ಪರಿಚಯವನ್ನು ಬೆದರಿಕೆಯನ್ನಾಗಿ ತಿರುಗಿಸುವುದೂ ಸುಲಭ. ದೊಡ್ಡ ದೇಶದಲ್ಲಿ ಒಬ್ಬ ಸಾಕ್ಷಿ ಹೆದರಿದರೆ ಮೂರು ರಾಜ್ಯ ದಾಟಿ ಹೋಗಿ ಬಾಡಿಗೆ ಮನೆ ಹಿಡಿಯಬಹುದು. ದ್ವೀಪದಲ್ಲಿ ಎಲ್ಲಿಗೆ ಹೋಗುವುದು? ರಸ್ತೆ ಸುತ್ತಿ ಸುತ್ತಿ ಮತ್ತೆ ಹೊರಟಲ್ಲಿಗೇ ಬರುತ್ತದೆ. ನಿನ್ನ ತಮ್ಮ ಕೆಲಸ ಮಾಡುವ ಗ್ಯಾರೇಜು, ನಿನ್ನ ತಾಯಿ ಹೋಗುವ ಚರ್ಚು, ನಿನ್ನ ಮಗಳ ಶಾಲೆ ಎಲ್ಲವೂ ಎಲ್ಲರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಬೆದರಿಸಬೇಕಾದ್ದೂ ಇಲ್ಲ. ಈ ಗ್ಯಾಂಗಿನ ನಿಜವಾದ ಬಂಡವಾಳ ಬಂದೂಕಲ್ಲ, ಪರಿಚಯ. ಅದನ್ನು ಮನಸ್ಸಿಗೆ ತಂದುಕೊಳ್ಳದೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

2015ರ ನವೆಂಬರ್‌ನಲ್ಲಿ ಮಿಸ್ಕಿಯ ಒಬ್ಬನೇ ಮಗ ಕಾರು ಅಪಘಾತಕ್ಕೆ ಸಿಕ್ಕಿದ. ಜೊತೆಗೆ ಅವನ ಜೀವದ ಗೆಳೆಯನೂ ಇದ್ದ. ಗೆಳೆಯ ಗಾಯಗೊಂಡು ಉಳಿದ. ಮಗ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ನರಳಿ 2016ರ ಮಾರ್ಚ್‌ನಲ್ಲಿ ತೀರಿಕೊಂಡ. ಸ್ಟಿಯರಿಂಗ್ ಹಿಡಿದಿದ್ದವನು ಮಿಸ್ಕಿಯ ಮಗನೇ ಎಂದು ಸರ್ಕಾರಿ ವಕೀಲರು ಮುಂದೆ ನ್ಯಾಯಾಲಯದಲ್ಲಿ ಹೇಳಿದರು. ಆದರೆ ತಂದೆಯ ಮನಸ್ಸು ಅದನ್ನು ಒಪ್ಪಲಿಲ್ಲ, ಗೆಳೆಯನನ್ನೇ ದೂರಿತು. ಮಗನನ್ನು ಕಳೆದುಕೊಂಡವರ ಸಂಕಟ ಏನನ್ನಾದರೂ ನಂಬಿಸಬಲ್ಲದು. ಅಲ್ಲಿಯವರೆಗೆ ಆ ತಂದೆಯ ಬಗ್ಗೆ ನನಗೂ ಕರುಣೆಯಿದೆ. ಅದರಾಚೆ ಇಲ್ಲ. 2016ರ ಜುಲೈ 30ರಂದು 21 ವರ್ಷದ ಆ ಗೆಳೆಯ ಕಾಣೆಯಾದ. ಇವತ್ತಿಗೂ ದೇಹ ಸಿಕ್ಕಿಲ್ಲ.

ಪ್ರಾಸಿಕ್ಯೂಷನ್ ಮುಂದಿಟ್ಟ ಚಿತ್ರ ಹೀಗಿತ್ತು. ಆ ಹುಡುಗ ಮತ್ತು ಅವನ ಸಂಗಾತಿಗೆ ಮಿಸ್ಕಿಯ ಕಡೆಯವರೇ ಹವಾಯಿ ಕಾಯ್ ಎಂಬ ಕಡಲಂಚಿನ ಬಡಾವಣೆಯಲ್ಲಿ ಬಾಡಿಗೆ ಮನೆ ಹೊಂದಿಸಿಕೊಟ್ಟರು. ಕಾಣೆಯಾದ ದಿನ ಸಂಗಾತಿಯನ್ನು ಹೊರಗೆ ಕರೆದೊಯ್ದು ಇಡೀ ದಿನ ದೂರವಿಟ್ಟರು. ಅದಕ್ಕೆ ಕೆಲವೇ ದಿನ ಮೊದಲು ಮಿಸ್ಕಿ 37 ಅಡಿಯ ದೋಣಿಯೊಂದನ್ನು ಕೊಂಡಿದ್ದ. ಅದರ ಹೆಸರು ‘ಪೇನ್‌ಕಿಲ್ಲರ್’, ಅಂದರೆ ನೋವುಮಾತ್ರೆ. ಇದು ಹೊತ್ತಿಗೆ ಹುಟ್ಟಿದ ಸಿಟ್ಟಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕಿಸಿ, ದೋಣಿಗೆ ಹಣ ಕಟ್ಟಿ, ದಿನ ಗೊತ್ತುಮಾಡಿ ನಡೆಸಿದ್ದು. ಪರಿಚಯವನ್ನೇ ಬಲೆಯಾಗಿ ಹೆಣೆದದ್ದು.

ಊರಿನ ಪೊಲೀಸರು ಎಲ್ಲಿದ್ದರು ಎಂದು ಓದುಗರು ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಇನ್ನೊಂದು ಕಥೆ ಹೇಳಬೇಕು. ಮಿಸ್ಕಿಗೂ ಅದಕ್ಕೂ ನಂಟು ಕಟ್ಟಲು ಅಲ್ಲ. ಆ ದಿನಗಳಲ್ಲಿ ಹೊನೊಲುಲುವಿನ ಪೊಲೀಸ್ ವ್ಯವಸ್ಥೆಯ ಮೇಲೆ ಜನ ಇಟ್ಟಿದ್ದ ನಂಬಿಕೆಗೆ ಏನಾಗಿತ್ತು ಎಂದು ತಿಳಿಯಲು.

2013ರ ಜೂನ್‌ನಲ್ಲಿ ಹೊನೊಲುಲುವಿನ ಪೊಲೀಸ್ ಮುಖ್ಯಸ್ಥ ಲೂಯಿಸ್ ಕೆಆಲೋಹಾ ಅವರ ಮನೆಯೆದುರಿನ ಅಂಚೆಪೆಟ್ಟಿಗೆ ಕಳುವಾಯಿತೆಂದು ದೂರು ದಾಖಲಾಯಿತು. ಹೆಂಡತಿ ಕ್ಯಾಥರೀನ್ ಕೆಆಲೋಹಾ ಅದೇ ನಗರದ ಪ್ರಾಸಿಕ್ಯೂಟರ್ ಕಚೇರಿಯ ದೊಡ್ಡ ಅಧಿಕಾರಿ. ಕಳ್ಳ ಎಂದು ತೋರಿಸಿದ್ದು ಕ್ಯಾಥರೀನ್ ಅವರ ಸ್ವಂತ ಚಿಕ್ಕಪ್ಪನನ್ನು. ಅಜ್ಜಿಯ ಮನೆಯ ಮೇಲೆ ಎತ್ತಿದ ಸಾಲದ ಹಣದ ವಿಚಾರಕ್ಕೆ ಅಜ್ಜಿಗೂ ಚಿಕ್ಕಪ್ಪನಿಗೂ ಈಕೆಯೊಡನೆ ಆಗಲೇ ವ್ಯಾಜ್ಯ ನಡೆದಿತ್ತು. ಅಂಚೆಪೆಟ್ಟಿಗೆಯ ಅಪರಾಧ ಅಮೆರಿಕದಲ್ಲಿ ಕೇಂದ್ರದ ಕಾನೂನಿಗೆ ಬರುತ್ತದೆ. ಹೀಗಾಗಿ ಮೊಕದ್ದಮೆ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು, ಚಿಕ್ಕಪ್ಪನ ಪರ ವಾದಿಸಲು ಫೆಡರಲ್ ಸರ್ಕಾರ ನೇಮಿಸಿದ ವಕೀಲ ಅಲೆಕ್ಸಾಂಡರ್ ಸಿಲ್ವರ್ಟ್ ಬಂದರು. ಎಳೆ ಹಿಡಿದು ಜಗ್ಗಿದಂತೆ ಪ್ರಕರಣವೇ ಕಟ್ಟುಕಥೆ ಎಂದು ಅವರಿಗೆ ಕಂಡಿತು. 2014ರ ಡಿಸೆಂಬರ್‌ನಲ್ಲಿ ವಿಚಾರಣೆ ಅರ್ಧದಲ್ಲೇ ಮುರಿದುಬಿತ್ತು. ಸಿಲ್ವರ್ಟ್ ತಮ್ಮ ಬಳಿ ಇದ್ದ ಪುರಾವೆಯನ್ನೆಲ್ಲ ಎಫ್‌ಬಿಐ ಕೈಗಿಟ್ಟರು. ಮೊಕದ್ದಮೆ ನಡೆಸಲು ದ್ವೀಪದ ಹೊರಗಿನಿಂದ, ಸ್ಯಾನ್ ಡಿಯಾಗೊದಿಂದ, ಪ್ರಾಸಿಕ್ಯೂಟರ್ ಮೈಕೆಲ್ ವೀಟ್ ಬಂದರು. 2019ರ ಜೂನ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ದೋಷಿಗಳೆಂದು ತೀರ್ಮಾನವಾಯಿತು. ಮರುವರ್ಷ ಕ್ಯಾಥರೀನ್‌ಗೆ 13 ವರ್ಷ, ಲೂಯಿಸ್‌ಗೆ 7 ವರ್ಷ ಸೆರೆವಾಸ.

ಅವರ ಜೊತೆ ಇಬ್ಬರು ಪೊಲೀಸರೂ ದೋಷಿಗಳಾದರು. ಅವರಿದ್ದದ್ದು ಕ್ರಿಮಿನಲ್ ಇಂಟೆಲಿಜೆನ್ಸ್ ಯೂನಿಟ್ ಎಂಬ ವಿಶೇಷ ಘಟಕದಲ್ಲಿ. ಸಂಘಟಿತ ಅಪರಾಧದ ಮೇಲೆ ಕಣ್ಣಿಡುವುದು ಆ ಘಟಕದ ಕೆಲಸ. ಆ ಕಣ್ಣನ್ನು ಮುಖ್ಯಸ್ಥರ ಸಂಸಾರದ ಜಗಳಕ್ಕೆ, ಒಬ್ಬ ಚಿಕ್ಕಪ್ಪನ ಬೆನ್ನ ಹಿಂದೆ ಬಿಟ್ಟಿದ್ದರು. ಅಂಥ ವರ್ಷಗಳಲ್ಲಿ ಒವಾಹುವಿನ ಒಬ್ಬ ಹೆದರಿದ ಮನುಷ್ಯ ಠಾಣೆಗೆ ಹೋಗಿ ದೊಡ್ಡವನೊಬ್ಬನ ಹೆಸರು ಹೇಳಬೇಕಿತ್ತು ಎಂದು ನಾವು ಇಲ್ಲಿ ಕೂತು ನಿರೀಕ್ಷಿಸುವುದು ಅನ್ಯಾಯ. ಪ್ರಾಮಾಣಿಕ ಪೊಲೀಸರು ಅಲ್ಲಿ ಖಂಡಿತ ಇದ್ದರು. ಆದರೆ ದೂರು ಕೊಡುವವನಿಗೆ ಎದುರು ಕೂತ ಅಧಿಕಾರಿ ಯಾರ ಪೈಕಿ ಎಂದು ಗೊತ್ತಾಗುವುದು ಹೇಗೆ?

ಈಗ ಕಾನೂನಿನ ಮಾತು. ಅಮೆರಿಕದಲ್ಲಿ ಕೊಲೆ, ಹಲ್ಲೆ, ದರೋಡೆ ಮೂಲತಃ ರಾಜ್ಯಗಳಿಗೆ ಸೇರಿದ ಅಪರಾಧಗಳು. ಕೇಂದ್ರದವರು ಬೇಕೆಂದಾಗ ಬಂದು ಕೈ ಹಾಕುವಂತಿಲ್ಲ, ಕೇಂದ್ರದ ಕಾನೂನೊಂದು ಮುರಿದಿರಬೇಕು. ಹಾಗೆ ಮುರಿದಿದ್ದರೆ ರಾಜ್ಯದ ಅನುಮತಿ ಬೇಕಿಲ್ಲ. ನಮ್ಮ ಸಿಬಿಐ ಕಥೆ ಬೇರೆ. ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಡಿ ಅದು ರಾಜ್ಯದೊಳಗೆ ಕಾಲಿಡಲು ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸಂಪುಟ ಸಾಮಾನ್ಯ ಒಪ್ಪಿಗೆಯನ್ನು ಹಿಂತೆಗೆದುಕೊಂಡದ್ದು ಓದುಗರಿಗೆ ನೆನಪಿರುತ್ತದೆ. ಎಫ್‌ಬಿಐಗೆ ಆ ತಡೆಯಿಲ್ಲ. ಅದಕ್ಕೆ ಬೇಕಾದದ್ದು ಕೊಂಡಿ, ಅಂದರೆ ಈ ಅಪರಾಧ ಕೇಂದ್ರದ ಯಾವ ಕಾನೂನಿಗೆ ತಾಗುತ್ತದೆ ಎಂಬ ಉತ್ತರ.

ಆ ಕೊಂಡಿಗಳು ಎಲ್ಲೆಲ್ಲಿ ಸಿಗುತ್ತವೆ ನೋಡಿ. ಅಪಹರಣಕ್ಕೆ ಮೊಬೈಲ್ ಫೋನ್ ಬಳಸಿದರೆ ಅದು ಅಂತರರಾಜ್ಯ ವ್ಯವಹಾರದ ಸಾಧನವನ್ನು ಬಳಸಿದಂತೆ. ಬ್ಯಾಂಕಿಗೆ ಸುಳ್ಳು ದಾಖಲೆ ಕೊಟ್ಟು ಸಾಲ ಪಡೆದರೆ ಅದು ಕೇಂದ್ರದ ಅಪರಾಧ. ತೆರಿಗೆ ಅಂತೂ ಸರಿಯೇ: 1970ರ ದಶಕದಲ್ಲಿ ಹವಾಯಿಯಲ್ಲಿ ‘ಕಂಪನಿ’ ಎಂದೇ ಕರೆಸಿಕೊಳ್ಳುತ್ತಿದ್ದ ಪಾತಕಿಗಳ ಕೂಟದ ನಾಯಕನನ್ನು ಕೊನೆಗೂ ಜೈಲಿಗೆ ಕಳಿಸಿದ್ದು ತೆರಿಗೆ ವಂಚನೆಯ ಮೊಕದ್ದಮೆ. ಇನ್ನು ನೈಟ್‌ಕ್ಲಬ್ಬಿನ ಕ್ಲೋರೋಪಿಕ್ರಿನ್. ರಾಸಾಯನಿಕ ಅಸ್ತ್ರಗಳ ಅಂತರರಾಷ್ಟ್ರೀಯ ಒಪ್ಪಂದವನ್ನು ಜಾರಿಗೆ ತರಲು ಅಮೆರಿಕ 1998ರಲ್ಲಿ ಮಾಡಿಕೊಂಡ ಕಾನೂನು ಇಲ್ಲಿ ಬಳಕೆಗೆ ಬಂತು. ಆ ಕಾನೂನನ್ನು ಮನಸ್ಸು ಬಂದಲ್ಲೆಲ್ಲ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2014ರ ಬಾಂಡ್ ಪ್ರಕರಣದಲ್ಲಿ ಎಚ್ಚರಿಸಿತ್ತು. ಹೆಣ್ಣುಮಗಳೊಬ್ಬಳು ಗಂಡನ ಪ್ರೇಯಸಿಯ ಮನೆಯ ಬಾಗಿಲ ಹಿಡಿಕೆಗೆ ರಾಸಾಯನಿಕ ಸವರಿದ್ದ ಪ್ರಕರಣ ಅದು. ಜನ ತುಂಬಿದ ಸಭಾಂಗಣದಲ್ಲಿ ಯುದ್ಧಕಾಲದ ಅನಿಲ ಬಿಡುವುದು ಆ ಬಗೆಯದಲ್ಲ. ಮಿಸ್ಕಿಯ ವಿಚಾರಣೆಯಲ್ಲಿ ಜ್ಯೂರಿ ಈ ಆರೋಪವನ್ನೂ ಎತ್ತಿಹಿಡಿಯಿತು.

ಈ ಎಲ್ಲ ಮಣಿಗಳನ್ನು ಪೋಣಿಸುವ ದಾರದ ಹೆಸರು ರಿಕೋ. 1970ರಲ್ಲಿ ಅಮೆರಿಕದ ಸಂಸತ್ತು ಮಾಡಿದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆಯ ಭಾಗ ಅದು. ಬರೆದವರಲ್ಲಿ ಮುಖ್ಯರು ಕಾನೂನು ಪ್ರಾಧ್ಯಾಪಕ ರಾಬರ್ಟ್ ಬ್ಲೇಕಿ. ಅದಕ್ಕೂ ಮೊದಲು ನ್ಯಾಯಾಲಯ ಒಂದೊಂದು ಅಪರಾಧವನ್ನು ಬಿಡಿಯಾಗಿ ನೋಡುತ್ತಿತ್ತು. ಕೊಲೆ ಮಾಡಿದವನು ಸಿಗುತ್ತಿದ್ದ, ಮಾಡಿಸಿದವನು ಊಟದ ಮೇಜಿನಲ್ಲಿ ಕೂತಿರುತ್ತಿದ್ದ. ರಿಕೋ ಕೇಳುವ ಪ್ರಶ್ನೆಯೇ ಬೇರೆ: ಇಲ್ಲೊಂದು ಕೂಟವಿದೆಯೇ? ಹತ್ತು ವರ್ಷದೊಳಗೆ ಕನಿಷ್ಠ ಎರಡು ಗೊತ್ತಾದ ಅಪರಾಧಗಳ ಮೂಲಕ ಅದರ ವ್ಯವಹಾರ ನಡೆದಿದೆಯೇ? ನೀನು ಅದರ ಭಾಗವೇ? ಅಡ್ಡೆ, ಕಂಪನಿ, ಸಂಸಾರ, ಏನಾದರೂ ಆ ಕೂಟವಾಗಬಹುದು. ಇದೇ ದಾರಿಯಲ್ಲಿ ಯೋಚಿಸಿದ ಕಾನೂನು ನಮ್ಮಲ್ಲೂ ಇದೆ. ಪತ್ರಿಕೆಗಳಲ್ಲಿ ‘ಕೋಕಾ’ ಎಂದು ಓದುತ್ತೀರಲ್ಲ, ಗೌರಿ ಲಂಕೇಶ್ ಹತ್ಯೆಯ ಪ್ರಕರಣದಲ್ಲಿ ಹಾಕಿದ್ದು, ಅದು ಕರ್ನಾಟಕದ 2000ದ ಸಂಘಟಿತ ಅಪರಾಧ ನಿಯಂತ್ರಣ ಕಾಯ್ದೆ.

ದ್ವೀಪಕ್ಕೆ ಇದು ಯಾಕೆ ಮುಖ್ಯವಾಯಿತು ಎಂಬುದು ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು. ಬಿಡಿ ಬಿಡಿ ಅಪರಾಧದಲ್ಲಿ ಒಬ್ಬನೇ ಸಾಕ್ಷಿ ಇರುತ್ತಾನೆ, ಅವನೊಬ್ಬ ಹೆದರಿದರೆ ಮುಗಿಯಿತು. ರಿಕೋ ಮೊಕದ್ದಮೆಯಲ್ಲಿ ಪೆಟ್ಟು ತಿಂದವನೊಬ್ಬ, ಹಣ ಕಳೆದುಕೊಂಡವನೊಬ್ಬ, ಬಾಡಿಗೆ ಕರಾರು ಬರೆದವನೊಬ್ಬ, ದೋಣಿ ಮಾರಿದವನೊಬ್ಬ, ಎಲ್ಲರೂ ತಮಗೆ ಗೊತ್ತಿದ್ದ ಒಂದು ಚೂರನ್ನಷ್ಟೇ ಹೇಳಿದರೆ ಸಾಕು. ಹತ್ತು ವರ್ಷ ಹತ್ತಾರು ಮನೆಗಳಲ್ಲಿ ಬೇರೆ ಬೇರೆಯಾಗಿ ಮುಚ್ಚಿಟ್ಟಿದ್ದ ಭಯ ಒಂದೇ ಕೋಣೆಯಲ್ಲಿ ಒಟ್ಟಾಗುತ್ತದೆ. ತಾನೊಬ್ಬನೇ ಎಂದುಕೊಂಡವನಿಗೆ ತಾನೊಬ್ಬನೇ ಅಲ್ಲ ಎಂದು ಗೊತ್ತಾಗುತ್ತದೆ.

2020ರ ಜುಲೈನಲ್ಲಿ ದೋಷಾರೋಪ ಪಟ್ಟಿ ಬಯಲಾಯಿತು. 11 ಆರೋಪಿಗಳು, 22 ಆರೋಪಗಳು. ಕೊಲೆ, ಅಪಹರಣ, ಸುಪಾರಿ, ಮಾದಕವಸ್ತು, ರಾಸಾಯನಿಕ ಅಸ್ತ್ರ, ಬ್ಯಾಂಕ್ ವಂಚನೆ. ಮುಂದೆ ಪಟ್ಟಿಗೆ ಇನ್ನಷ್ಟು ಹೆಸರು ಸೇರಿ ಆರೋಪಿಗಳು 13 ಮಂದಿಯಾದರು. ಕೂಟದೊಳಗೆ ಮಿಸ್ಕಿಯ ಮಲತಮ್ಮನೂ ಇದ್ದ, ಸೊಸೆಯೂ ಇದ್ದಳು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಹೊರಗಿನಿಂದ ಬಂದ ಕಾನೂನು ದ್ವೀಪವನ್ನು ಉದ್ಧರಿಸಿತು ಎಂದು ಬರೆದು ಮುಗಿಸಿದರೆ ಹವಾಯಿಯವರಿಗೆ ಮೋಸ ಮಾಡಿದಂತೆ. ಅವರ ರಾಣಿ ಲಿಲಿಉಒಕಲಾನಿಯನ್ನು 1893ರಲ್ಲಿ ಗದ್ದುಗೆಯಿಂದ ಇಳಿಸಿದಾಗ ಅಮೆರಿಕದ ನೌಕಾಪಡೆಯ ಹಡಗು ಬಂದರಿನಲ್ಲಿತ್ತು, ಸೈನಿಕರು ದಡಕ್ಕೆ ಇಳಿದಿದ್ದರು. ನೂರು ವರ್ಷದ ಬಳಿಕ, 1993ರಲ್ಲಿ, ಅಮೆರಿಕದ ಸಂಸತ್ತೇ ಅದಕ್ಕೆ ಕ್ಷಮೆ ಕೇಳಿ ನಿರ್ಣಯ ಮಾಡಿತು. ಇನ್ನೊಂದು ಗಾಯ 1931ರದು. ನೌಕಾಪಡೆಯ ಅಧಿಕಾರಿಯೊಬ್ಬನ ಹೆಂಡತಿ ತನ್ನ ಮೇಲೆ ಅತ್ಯಾಚಾರವಾಯಿತೆಂದು ಐವರು ಸ್ಥಳೀಯ ಯುವಕರತ್ತ ಬೆರಳು ತೋರಿಸಿದಳು. ಪುರಾವೆ ಗಟ್ಟಿಯಿರಲಿಲ್ಲ, ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1932ರ ಜನವರಿಯಲ್ಲಿ ಆ ಅಧಿಕಾರಿ ಥಾಮಸ್ ಮ್ಯಾಸಿ, ಅವನ ಅತ್ತೆ ಗ್ರೇಸ್ ಫೋರ್ಟೆಸ್ಕ್ಯೂ ಮತ್ತು ಇಬ್ಬರು ನಾವಿಕರು ಸೇರಿ ಐವರಲ್ಲೊಬ್ಬನಾದ ಜೋಸೆಫ್ ಕಹಹವಾಯ್‌ನನ್ನು ಅಪಹರಿಸಿ ಗುಂಡಿಟ್ಟು ಕೊಂದರು. ಹೆಣವನ್ನು ಬಟ್ಟೆಯಲ್ಲಿ ಸುತ್ತಿ ಕಾರಿನಲ್ಲಿ ಹಾಕಿಕೊಂಡು ಕಡಲಿಗೆ ಎಸೆಯಲು ಕೊಕೊ ಹೆಡ್ ಕಡೆ ಹೊರಟಿದ್ದಾಗ ಪೊಲೀಸರು ಹಿಡಿದರು. ಅವರ ಪರ ವಾದಿಸಲು ಬಂದವರು ಹೆಸರಾಂತ ಕ್ಲಾರೆನ್ಸ್ ಡಾರೊ. ಜ್ಯೂರಿ ತಪ್ಪಿತಸ್ಥರೆಂದಿತು, ಹತ್ತು ವರ್ಷ ಶಿಕ್ಷೆಯಾಯಿತು. ವಾಷಿಂಗ್ಟನ್ನಿನ ಒತ್ತಡಕ್ಕೆ ಮಣಿದ ಗವರ್ನರ್ ಲಾರೆನ್ಸ್ ಜಡ್ ಆ ಹತ್ತು ವರ್ಷವನ್ನು ಒಂದು ಗಂಟೆಗೆ ಇಳಿಸಿದರು. ಒಂದು ಗಂಟೆ! ಅದನ್ನೂ ಅವರು ಕಳೆದದ್ದು ಸೆರೆಮನೆಯಲ್ಲಲ್ಲ, ಹಿಂದೆ ರಾಣಿಯ ಅರಮನೆಯಾಗಿದ್ದ ಇಒಲಾನಿಯಲ್ಲಿ.

ಮಿಸ್ಕಿ ಪ್ರಕರಣದ ಹವಾಯಿ ಕಾಯ್ ಇರುವುದು ಅದೇ ಕೊಕೊ ಹೆಡ್ ಬೆಟ್ಟದ ಬುಡದಲ್ಲಿ. ಅದು ನೆಲದ ಆಕಸ್ಮಿಕ, ಬೇರೇನಲ್ಲ. ಆದರೂ ಎರಡು ಕಥೆಗಳನ್ನು ಒಟ್ಟಿಗೆ ಓದಿದಾಗ ನನ್ನ ಮನಸ್ಸಿಗೆ ಒಂದು ವಿಷಯ ತಟ್ಟಿತು. 1932ರಲ್ಲಿ ಸತ್ಯವನ್ನು ಹಿಡಿದದ್ದು ಊರಿನ ಪೊಲೀಸರು, ಅದನ್ನು ಕೈಬಿಟ್ಟದ್ದು ಹೊರಗಿನ ಅಧಿಕಾರ. ಎಂಬತ್ತು ವರ್ಷದ ಬಳಿಕ ಅದು ತಿರುಗುಮುರುಗಾಯಿತು. ಊರಿನವರು ಒಳ್ಳೆಯವರು, ಹೊರಗಿನವರು ಕೆಟ್ಟವರು ಎಂಬುದಾಗಲಿ, ಅದರ ಉಲ್ಟಾ ಆಗಲಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ತನಿಖೆ ಮಾಡುವವನಿಗೆ ಆರೋಪಿಯ ಜೊತೆ ಯಾವ ಋಣವೂ ಇಲ್ಲದಿರುವುದು ಬೇಕು. ಸಣ್ಣ ಜಾಗದಲ್ಲಿ ಅಂಥವನು ಸಿಗುವುದು ಕಷ್ಟ.

2024ರ ಜನವರಿಯಲ್ಲಿ ಹೊನೊಲುಲುವಿನ ಫೆಡರಲ್ ನ್ಯಾಯಾಲಯದಲ್ಲಿ ಮುಖ್ಯ ನ್ಯಾಯಾಧೀಶ ಡೆರಿಕ್ ವಾಟ್ಸನ್ ಮುಂದೆ ವಿಚಾರಣೆ ಶುರುವಾಗುವ ಹೊತ್ತಿಗೆ 12 ಮಂದಿ ಸಹ ಆರೋಪಿಗಳೂ ತಪ್ಪೊಪ್ಪಿಕೊಂಡಿದ್ದರು. ಕೊನೆಗೆ ಉಳಿದವರಲ್ಲಿ ಮಲತಮ್ಮನೂ ಸೊಸೆಯೂ ಇದ್ದರು, ಅವರೂ ಕೈಬಿಟ್ಟರು. ಕಟಕಟೆಯಲ್ಲಿ ಉಳಿದವನು ಮಿಸ್ಕಿ ಒಬ್ಬ. ವರ್ಷಗಟ್ಟಲೆ ಜನರನ್ನು ಒಬ್ಬಂಟಿಯಾಗಿಸಿ ಆಳಿದವನು.

ಆರು ತಿಂಗಳು ನಡೆದ ಆ ವಿಚಾರಣೆಯಲ್ಲಿ ಸರ್ಕಾರದ ಕಡೆಯಿಂದ ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು ಬಂದರು. ಕೆಲವರು ಒಂದು ಕಾಲದಲ್ಲಿ ಅವನ ಮಾತಿಗೆ ಹೊಡೆದವರು, ಅವನ ಹಣಕ್ಕೆ ಬಂದೂಕು ಹಿಡಿದವರು. ನಮ್ಮಲ್ಲಿ ಇಂಥವರನ್ನು ಮಾಫಿ ಸಾಕ್ಷಿ ಎನ್ನುತ್ತೇವೆ. ಅಮೆರಿಕದಲ್ಲಿ ಅವರಿಗೆ ಪೂರ್ತಿ ಮಾಫಿ ಸಿಗುವುದು ಅಪರೂಪ, ಶಿಕ್ಷೆ ಕಡಿಮೆಯಾದೀತೆಂಬ ಆಸೆ ಇರುತ್ತದೆ. ಅವರ ಮಾತನ್ನು ಎಷ್ಟು ನಂಬಬೇಕು ಎಂದು ಪ್ರತಿವಾದಿ ವಕೀಲರು ಮತ್ತೆ ಮತ್ತೆ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಸ್ವಂತ ಶಿಕ್ಷೆ ಇಳಿಸಿಕೊಳ್ಳಲು ಇನ್ನೊಬ್ಬನ ಮೇಲೆ ಹೊರಿಸುವ ಆಸೆ ಯಾವ ದೇಶದ ಸೆರೆಯಾಳಿಗೂ ಇದೆ. ಅದಕ್ಕೆ ಔಷಧ ಒಂದೇ: ಬಾಯಿಮಾತನ್ನು ಕಾಗದದ ಪಕ್ಕ ಇಟ್ಟು ನೋಡುವುದು. ಫೋನ್ ಯಾವ ಗೋಪುರಕ್ಕೆ ತಾಗಿತ್ತು, ಹಣ ಯಾವ ಖಾತೆಯಿಂದ ಹೊರಟಿತು, ಕರಾರಿಗೆ ಯಾವತ್ತು ಸಹಿ ಬಿತ್ತು ಎಂದು ವರ್ಷಗಟ್ಟಲೆ ಕೂತು ಹೊಂದಿಸಿದ ಕೆಲಸವೇ ಇಂಥ ತನಿಖೆಯ ಬಹುಪಾಲು. ಸಿನಿಮಾದವರು ಅದನ್ನು ತೋರಿಸುವುದಿಲ್ಲ.

2024ರ ಜುಲೈ 18ರಂದು ಜ್ಯೂರಿ 13 ಆರೋಪಗಳಲ್ಲಿ ಮಿಸ್ಕಿ ದೋಷಿ ಎಂದಿತು. ದೇಹ ಸಿಗದಿದ್ದರೂ ಕೊಲೆ ನಡೆದಿದೆ, ಅದು ಕೂಟದ ಕೆಲಸ ಎಂದು ಹನ್ನೆರಡು ಜನ ಒಮ್ಮತದಿಂದ ಹೇಳಿದರು. ಹವಾಯಿಯಲ್ಲಿ 1957ರಿಂದ ಮರಣದಂಡನೆ ಇಲ್ಲ. ಕೇಂದ್ರದ ಕಾನೂನಿನಲ್ಲಿ ಇದ್ದರೂ ಸರ್ಕಾರ ಇಲ್ಲಿ ಅದನ್ನು ಕೇಳಲಿಲ್ಲ. ಜೀವಾವಧಿ ಖಚಿತವಾಗಿತ್ತು. ಸುಮಾರು 2 ಕೋಟಿ ಡಾಲರ್ ಬೆಲೆಯ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆಂದೂ ಜ್ಯೂರಿ ತೀರ್ಮಾನಿಸಿತು.

ಶಿಕ್ಷೆ ಪ್ರಕಟವಾಗಲು ಎರಡು ತಿಂಗಳು ಬಾಕಿ ಇತ್ತು. 2024ರ ಡಿಸೆಂಬರ್ 1ರ ಬೆಳಗ್ಗೆ ಹೊನೊಲುಲು ವಿಮಾನ ನಿಲ್ದಾಣದ ಪಕ್ಕದ ಫೆಡರಲ್ ಬಂಧನ ಕೇಂದ್ರದ ಕೋಣೆಯಲ್ಲಿ ಮಿಸ್ಕಿ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ಫೆಂಟನಿಲ್ ಎಂಬ ಮಾದಕವಸ್ತು ಮಿತಿಮೀರಿ ದೇಹಕ್ಕೆ ಸೇರಿತ್ತು. ವಯಸ್ಸು 50. ಅದು ಆಕಸ್ಮಿಕ ಸಾವು ಎಂದು ವೈದ್ಯಕೀಯ ವರದಿ ಹೇಳಿತು. ಕೇಂದ್ರ ಸರ್ಕಾರದ ಬಿಗಿ ಕಾವಲಿನ ಕಟ್ಟಡದೊಳಗೆ, ಇಷ್ಟು ದೊಡ್ಡ ಮೊಕದ್ದಮೆಯ ಕೈದಿಯ ಕೈಗೆ ವಿಷ ತಲುಪಿತ್ತು. ತನಿಖೆಗೆ ಇಷ್ಟು ವರ್ಷ ಸುರಿದ ಸರ್ಕಾರಕ್ಕೆ ಒಬ್ಬ ಕೈದಿಯನ್ನು ಇನ್ನೆರಡು ತಿಂಗಳು ಜೀವಂತವಾಗಿ ಕಾಯಲಾಗಲಿಲ್ಲ ಎಂಬುದು ನನಗೆ ನುಂಗಲಾಗದ ಸಂಗತಿ.

ಸಾವಿನ ಜೊತೆಗೆ ಇನ್ನೊಂದೂ ಹೋಯಿತು. ಆರೋಪಿಗೆ ಮೇಲ್ಮನವಿಯ ಹಕ್ಕಿದೆ. ಮೇಲ್ಮನವಿ ಮುಗಿಯುವ ಮುನ್ನ ಅವನು ಸತ್ತರೆ ಆ ತೀರ್ಪು ಪೂರ್ತಿಯಾಗಲೇ ಇಲ್ಲ ಎಂದು ಅಮೆರಿಕದ ಫೆಡರಲ್ ನ್ಯಾಯಾಲಯಗಳು ಹಿಂದಿನಿಂದ ಪಾಲಿಸಿಕೊಂಡು ಬಂದ ನಿಯಮ. ತೀರ್ಪಷ್ಟೇ ಅಲ್ಲ, ದೋಷಾರೋಪವೇ ಬುಡಸಮೇತ ಅಳಿಸಿಹೋಗುತ್ತದೆ. ಎನ್ರಾನ್ ಕಂಪನಿಯ ಕೆನ್ನೆತ್ ಲೇ 2006ರಲ್ಲಿ ಸತ್ತಾಗಲೂ ಹೀಗೇ ಆಗಿತ್ತು. ನಮ್ಮ ಓದುಗರಿಗೆ ಇದರ ದೂರದ ನೆಂಟನೊಂದು ಗೊತ್ತು: ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದಲ್ಲಿ ಕರ್ನಾಟಕ ಸಲ್ಲಿಸಿದ್ದ ಮೇಲ್ಮನವಿ 2017ರ ಫೆಬ್ರುವರಿಯಲ್ಲಿ ತೀರ್ಮಾನವಾದಾಗ, ಅವರು ಆಗಲೇ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಅದು ಅಲ್ಲಿಗೇ ನಿಂತುಹೋಯಿತು, ಉಳಿದವರು ಜೈಲಿಗೆ ಹೋದರು.

ಮಿಸ್ಕಿಯ ಮೇಲಿನ ತೀರ್ಪನ್ನೂ ನ್ಯಾಯಾಲಯ ರದ್ದು ಮಾಡಿತು. ಆರು ತಿಂಗಳು ಕೂತು ಕೇಳಿದ ಜ್ಯೂರಿಯ ಮಾತಿಗೆ ಕಾನೂನಿನ ಕಣ್ಣಿನಲ್ಲಿ ಈಗ ಅಸ್ತಿತ್ವವಿಲ್ಲ. ಕಾಗದದ ಮೇಲೆ ಅವನು ದೋಷಿಯಲ್ಲದೆಯೇ ಸತ್ತ. ಅವನ ಮಾತು ಕೇಳಿ ನಡೆದವರೆಲ್ಲ ಅಪರಾಧಿಗಳಾಗಿಯೇ ಉಳಿದರು. ನಿಯಮದ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ: ಸತ್ತವನು ಮೇಲಿನ ಕೋರ್ಟಿನಲ್ಲಿ ನಿಂತು ವಾದಿಸಲಾರ. ಆದರೆ ಕಾಣೆಯಾದ ಹುಡುಗನ ತಾಯಿಯೂ ಮತ್ತೆ ಬಂದು ವಾದಿಸಲಾರಳಲ್ಲ. ಎಂಟು ವರ್ಷ ಕಾದು ಪಡೆದ ಒಂದು ಶಬ್ದವನ್ನು ಅವಳ ಕೈಯಿಂದ ವಾಪಸ್ ಕಿತ್ತುಕೊಂಡ ನಿಯಮವನ್ನು ಸರಿ ಎನ್ನಲು ನನ್ನಿಂದಾಗುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಫುಟ್‌ಬಾಲ್ ಆಟಗಾರ ಆರನ್ ಹೆರ್ನಾಂಡೆಜ್ ಪ್ರಕರಣದಲ್ಲಿ ಈ ಹಳೆಯ ಪದ್ಧತಿಯನ್ನು 2019ರಲ್ಲಿ ಕೈಬಿಟ್ಟಿತು: ತೀರ್ಪು ದಾಖಲೆಯಲ್ಲಿ ಉಳಿಯಲಿ, ಮೇಲ್ಮನವಿ ಮುಗಿದಿರಲಿಲ್ಲ ಎಂದು ಪಕ್ಕದಲ್ಲಿ ಬರೆದಿಡಿ ಎಂದಿತು. ಫೆಡರಲ್ ನ್ಯಾಯಾಲಯಗಳಿಗೂ ಅಷ್ಟು ಸಾಧ್ಯವಾಗಬೇಕಿತ್ತು.

ಮುಟ್ಟುಗೋಲಿನ ತೀರ್ಮಾನವೂ ತೀರ್ಪಿನ ಜೊತೆಗೇ ಹೋದ್ದರಿಂದ 2025ರ ಜನವರಿಯಲ್ಲಿ ಸರ್ಕಾರ ಹೊಸದಾಗಿ ಸಿವಿಲ್ ದಾವೆ ಹೂಡಿತು. ಅಮೆರಿಕದಲ್ಲಿ ಇಂಥ ದಾವೆಗಳಿಗೊಂದು ವಿಶೇಷ ರೂಪವಿದೆ. ಪ್ರತಿವಾದಿಯ ಹೆಸರಿರಬೇಕಾದ ಜಾಗದಲ್ಲಿ ಮನುಷ್ಯನ ಹೆಸರಿರುವುದಿಲ್ಲ, ವಸ್ತುವಿನ ಹೆಸರಿರುತ್ತದೆ. ಈ ಮನೆ ಅಪರಾಧದ ಹಣದಲ್ಲಿ ಕಟ್ಟಿದ್ದೇ, ಈ ಖಾತೆ ತುಂಬಿದ್ದು ಯಾವ ದುಡ್ಡಿನಿಂದ ಎಂದು ನ್ಯಾಯಾಲಯ ಮನೆಯನ್ನೂ ಖಾತೆಯನ್ನೂ ಕೇಳುತ್ತದೆ. ಅವಕ್ಕೆ ಸಾವಿಲ್ಲ, ಹಾಗಾಗಿ ಮೊಕದ್ದಮೆ ನಿಲ್ಲುವುದಿಲ್ಲ. ಕಾಣೆಯಾದವನ ಮನೆಯವರಿಗೆ ಮಾತ್ರ 2016ರ ಜುಲೈ 30ರ ಬಳಿಕ ಎಲ್ಲಿಗೆ ಹೋಗಿ ಹೂವಿಡಬೇಕು ಎಂಬುದು ಇನ್ನೂ ಗೊತ್ತಾಗಿಲ್ಲ.